ಹೊಟ್ಟೆನೋವೆಂದು ಬಂದವರ ಬೆರಳನ್ನು ಏಕೆ ಚುಚ್ಚಿ ನೋಡಬೇಕು

ಸಿಂಧನೂರು ಇಲ್ಲವೇ ಕಾರಟಗಿ ಕಡೆಯ ಹಳ್ಳಿಯೊಂದರ ಹದಿನಾರು ವರ್ಷದ ಹುಡುಗನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅವನು ಯಾರೋ ಒಬ್ಬ ನಿಜವಾದ ರೋಗಿಯಲ್ಲ. ಆದರೆ ಅವನ ಕಥೆಯ ಒಂದೊಂದು ತುಣುಕೂ ವೈದ್ಯರಿಗೆ ಪರಿಚಿತವಾದದ್ದೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೂರು ವಾರದಲ್ಲಿ ಅವನ ಅಂಗಿ ಮೈಮೇಲೆ ಜೋತಾಡತೊಡಗಿದೆ. ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಾನೆ, ಬಂದು ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ. ಏಪ್ರಿಲ್ ತಿಂಗಳ ರಾಯಚೂರು ಸೀಮೆಯಲ್ಲಿ ನೀರು ಕುಡಿಯುವವನನ್ನು ಯಾರು ಅನುಮಾನಿಸುತ್ತಾರೆ? ಬಡವಾಗಿದ್ದಾನೆಂದರೆ ಓದಿನ ದಣಿವು, ಬಾಯಾರಿಕೆಯೆಂದರೆ ಬಿಸಿಲು ಎಂದು ಎಲ್ಲಕ್ಕೂ ಒಂದೊಂದು ಸಮಾಧಾನ ಸಿಕ್ಕಿಬಿಡುತ್ತದೆ. ಹಾಗಿರುವಾಗ ಒಂದು ಬೆಳಿಗ್ಗೆ ವಾಂತಿ ಶುರುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹುಡುಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾನೆ.

"ಬಟ್ಟಿ ಸರಿದಿರಬೇಕು" ಎಂದು ಅಜ್ಜಿ ಹೊಕ್ಕುಳಿನ ಸುತ್ತ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. "ಹೊರಗ ಏನರ ತಿಂದಿಯೇನು ತಮ್ಮಾ?" ಎಂದು ಕೇಳಿದ, ವೈದ್ಯ ಪದವಿಯಿಲ್ಲದೆ ಚಿಕಿತ್ಸೆ ಕೊಡುವ ಊರಿನ ಆರ್‌ಎಂಪಿ ಡಾಕ್ಟರು ಗ್ಯಾಸಿಗೆಂದು ಒಂದು ಸೂಜಿ ಮಾಡಿ, ಸುಸ್ತಿಗೆಂದು ಒಂದು ಬಾಟಲಿ ಹಚ್ಚುತ್ತಾರೆ. ಸಂಜೆ ಪಟ್ಟಣದ ಆಸ್ಪತ್ರೆಗೆ ಒಯ್ದಾಗ ಹೊಟ್ಟೆ ಮುಟ್ಟಿದರೆ ಹುಡುಗ ಚೀರುತ್ತಾನೆ. ಅಪೆಂಡಿಕ್ಸ್ ಇರಬಹುದೆಂದು ಸ್ಕ್ಯಾನಿಂಗ್‌ಗೆ ಬರೆದುಕೊಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಅವನ ಉಸಿರು ಆಳವಾಗಿ, ವೇಗವಾಗಿ, ಓಡಿ ಬಂದವನ ಉಸಿರಿನಂತೆ ಏರಿದೆ, ಮಾತು ತೊದಲುತ್ತಿದೆ. ರಾತ್ರಿ ಹನ್ನೊಂದಕ್ಕೆ ಮೂರನೆಯ ಆಸ್ಪತ್ರೆಯಲ್ಲಿ ಯಾರೋ ಒಬ್ಬ ನರ್ಸ್ ಬೆರಳ ತುದಿಗೆ ಸೂಜಿ ಚುಚ್ಚಿ, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರಿನ ಪಟ್ಟಿಗೆ ಒಂದು ಹನಿ ರಕ್ತ ಮುಟ್ಟಿಸಿದಾಗ ತೆರೆಯ ಮೇಲೆ 480 ಎಂಬ ಅಂಕಿ ಮೂಡುತ್ತದೆ. ಬೆಳಗಿನಿಂದ ಆ ಹೊತ್ತಿನವರೆಗೆ ಸಾವಿರಾರು ರೂಪಾಯಿ ಖರ್ಚಾಗಿದೆ. ಕಾಯಿಲೆಯ ಹೆಸರು ಹೇಳಿದ ಆ ಪಟ್ಟಿಯ ಬೆಲೆ ಇಪ್ಪತ್ತು ರೂಪಾಯಿಯ ಆಸುಪಾಸು.

ವೈದ್ಯರು ಇದನ್ನು ಡಯಾಬಿಟಿಕ್ ಕೀಟೋಆಸಿಡೋಸಿಸ್ ಎಂದು ಕರೆಯುತ್ತಾರೆ. ವಾರ್ಡುಗಳಲ್ಲಿ ಚುಟುಕಾಗಿ ಡಿಕೆಎ. ಸಕ್ಕರೆ ಕಾಯಿಲೆಯ ತುರ್ತು ಸ್ಥಿತಿಗಳಲ್ಲಿ ಅತ್ಯಂತ ಅಪಾಯಕಾರಿಯಾದವುಗಳಲ್ಲಿ ಇದೂ ಒಂದು. ಸರಿಯಾದ ಸಮಯಕ್ಕೆ ಗುರುತಿಸಿ ಚಿಕಿತ್ಸೆ ಕೊಟ್ಟರೆ ವಯಸ್ಕರಲ್ಲಿ ಸಾವಿನ ಪ್ರಮಾಣ ಶೇ 1ಕ್ಕಿಂತ ಕಡಿಮೆಯಿರುವುದು ಸುಸಜ್ಜಿತ ಆಸ್ಪತ್ರೆಗಳ ಅನುಭವ. ತಡವಾದರೆ ಲೆಕ್ಕವೇ ಬೇರೆ. ಈ ತಡಕ್ಕೆ ಕಾರಣ ಬರೀ ದೂರ, ಬಡತನ, ವೈದ್ಯರ ಕೊರತೆ ಮಾತ್ರವಲ್ಲ, ಕಾಯಿಲೆ ಬಂದ ಬಾಗಿಲನ್ನೇ ನಾವು ತಪ್ಪಾಗಿ ಗುರುತಿಸುತ್ತಿರುವುದೂ ಹೌದು ಎಂಬುದು ಈ ಲೇಖನದ ವಾದ.

ದೇಹದೊಳಗೆ ನಡೆಯುವುದೇನು ಎಂಬುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ವಿವರಿಸುವುದು ಸುಲಭ. ಮುಖ್ಯ ಕಾಲುವೆಯಲ್ಲಿ ನೀರು ದಂಡೆ ಮುಟ್ಟಿ ಹರಿಯುತ್ತಿರುತ್ತದೆ, ಆದರೆ ತೂಬು ಎತ್ತದಿದ್ದರೆ ಪಕ್ಕದ ಗದ್ದೆಯೇ ಒಣಗುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಇನ್ಸುಲಿನ್ ಎಂಬ ತೂಬು ತೆರೆಯದಿದ್ದರೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ದೇಹ ಇದನ್ನು ಉಪವಾಸವೆಂದೇ ತಿಳಿದು, ಕೂಡಿಟ್ಟ ಕೊಬ್ಬನ್ನು ಕರಗಿಸಲು ತೊಡಗುತ್ತದೆ. ಪಿತ್ತಜನಕಾಂಗ ಆ ಕೊಬ್ಬನ್ನು ಕೀಟೋನುಗಳಾಗಿ ಮಾರ್ಪಡಿಸುತ್ತದೆ. ಕೀಟೋನುಗಳಲ್ಲಿ ಮುಖ್ಯವಾದ ಎರಡು ಆಮ್ಲಗಳು. ಸ್ವಲ್ಪವಿದ್ದಾಗ ಅವು ಒಳ್ಳೆಯ ಇಂಧನವೇ, ಏಕಾದಶಿಯ ಉಪವಾಸ ಮಾಡಿದ ಆರೋಗ್ಯವಂತರ ರಕ್ತದಲ್ಲಿಯೂ ಅವು ಇರುತ್ತವೆ. ಇನ್ಸುಲಿನ್ನಿನ ಅಂಕೆಯೇ ಇಲ್ಲದಾಗ ಮಾತ್ರ ಉತ್ಪಾದನೆ ಮಿತಿಮೀರಿ, ರಕ್ತವನ್ನು ಸಮತೋಲದಲ್ಲಿಡುವ ಬೈಕಾರ್ಬೊನೇಟ್ ಖರ್ಚಾಗುತ್ತಾ ಹೋಗಿ, ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7.3ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರದೂಡಲು ಶ್ವಾಸಕೋಶಗಳು ಹೆಣಗುವುದೇ ಹುಡುಗನ ಆ ಏದುಸಿರು; ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ 1874ರಲ್ಲಿ ಅದನ್ನು ವಿವರಿಸಿದ್ದರಿಂದ ಇಂದಿಗೂ ಅದಕ್ಕೆ ಅವರದೇ ಹೆಸರು. ಇತ್ತ ಮಿಕ್ಕ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಲವಣಗಳನ್ನೂ ಜೊತೆಗೆ ಸೆಳೆದೊಯ್ಯುತ್ತದೆ.

ಇದರಲ್ಲಿ ಹೊಟ್ಟೆ ಏಕೆ ನೋಯಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಆಮ್ಲೀಯತೆ ಮತ್ತು ಪೊಟ್ಯಾಸಿಯಂ ಏರುಪೇರಿನಿಂದ ಜಠರ ಹಾಗೂ ಕರುಳಿನ ಚಲನೆ ನಿಧಾನವಾಗಿ ಅಥವಾ ನಿಂತೇ ಹೋಗಿ ಹೊಟ್ಟೆ ಉಬ್ಬುತ್ತದೆ. ಎಡೆಬಿಡದ ವಾಂತಿಯಿಂದ ಹೊಟ್ಟೆಯ ಸ್ನಾಯುಗಳು ನೋಯುತ್ತವೆ. ನೀರು ಬತ್ತಿದ ದೇಹದಲ್ಲಿ ಕರುಳಿಗೆ ರಕ್ತದ ಹರಿವು ಕುಂದುತ್ತದೆ. ಆದರೆ ನೋವು ಯಾವುದರ ಜೊತೆ ಹೊಂದಿಕೊಂಡು ಏರುತ್ತದೆ ಎಂಬುದರ ಬಗ್ಗೆ ಮಾತ್ರ ಗಟ್ಟಿಯಾದ ಮಾಹಿತಿಯಿದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡಿಕೆಎಯಿಂದ ದಾಖಲಾದ 189 ರೋಗಿಗಳ ಪೈಕಿ 86 ಮಂದಿಗೆ, ಅಂದರೆ ಶೇ 46ರಷ್ಟು ಜನರಿಗೆ ಹೊಟ್ಟೆನೋವಿತ್ತು. ಬೈಕಾರ್ಬೊನೇಟ್ ಪ್ರಮಾಣ 15ರಿಂದ 18ರ ನಡುವೆ ಇದ್ದವರಲ್ಲಿ ಹೊಟ್ಟೆನೋವು ಶೇ 13 ಮಂದಿಗೆ ಮಾತ್ರ ಕಾಣಿಸಿಕೊಂಡಿದ್ದರೆ, 5ಕ್ಕಿಂತಲೂ ಕೆಳಗೆ ಕುಸಿದವರಲ್ಲಿ ಶೇ 86 ಮಂದಿಗೆ ಕಾಣಿಸಿಕೊಂಡಿತ್ತು. ರಕ್ತದಲ್ಲಿ ಸಕ್ಕರೆ ಎಷ್ಟು ಏರಿದೆ ಎಂಬುದಕ್ಕೂ ನೋವಿಗೂ ಸಂಬಂಧ ಕಂಡುಬರಲಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು. ಸಕ್ಕರೆ 250 ಅಷ್ಟೇ ಇದೆ, ಅದರಿಂದ ಹೊಟ್ಟೆನೋವು ಬರಲಾರದು ಎಂಬ ತರ್ಕ ನಿಲ್ಲುವುದಿಲ್ಲ, ಏಕೆಂದರೆ ನೋವು ಹಿಂಬಾಲಿಸುವುದು ಆಮ್ಲವನ್ನು, ಸಕ್ಕರೆಯನ್ನಲ್ಲ.

ಹಾಗಾಗಿ ಹೊಟ್ಟೆನೋವು ಡಿಕೆಎಯ ವಿಚಿತ್ರ ಲಕ್ಷಣವಲ್ಲ. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರಿಗೆ ಇರುವ ಲಕ್ಷಣ, ಕಾಯಿಲೆ ತೀವ್ರವಾದಷ್ಟೂ ಹೆಚ್ಚುವ ಲಕ್ಷಣ. ವಿಚಿತ್ರವಾದದ್ದು ನಮ್ಮ ಮನಸ್ಸಿನಲ್ಲಿ ಸಕ್ಕರೆ ಕಾಯಿಲೆಗೆ ಇರುವ ಚಿತ್ರ. ಶುಗರ್ ಎಂದರೆ ಐವತ್ತು ದಾಟಿದ, ಬೆಳಿಗ್ಗೆ ವಾಕಿಂಗ್ ಹೋಗುವ, ಮಾತ್ರೆ ನುಂಗಿ ಚಹಾಕ್ಕೆ ಸಕ್ಕರೆ ಬೇಡವೆನ್ನುವ ಮನುಷ್ಯ. ಕಾಲಿನ ಹುಣ್ಣು, ಕಣ್ಣಿನ ಮಬ್ಬು ಅವನವು. ಹೊಟ್ಟೆ ಹಿಡಿದುಕೊಂಡು ಉರುಳಾಡುವ ಹೈಸ್ಕೂಲ್ ಹುಡುಗಿಗೆ ಆ ಚಿತ್ರದಲ್ಲಿ ಜಾಗವಿಲ್ಲ.

ಪರೀಕ್ಷೆಗಳೂ ದಾರಿ ತಪ್ಪಿಸುತ್ತವೆ ಎಂಬುದನ್ನು ವೈದ್ಯರ ಪರವಾಗಿ ಹೇಳಲೇಬೇಕು. ಸೋಂಕು ಇಲ್ಲದಿದ್ದರೂ ಡಿಕೆಎಯಲ್ಲಿ ಬಿಳಿ ರಕ್ತಕಣಗಳು ಹತ್ತರಿಂದ ಹದಿನೈದು ಸಾವಿರಕ್ಕೆ ಏರುವುದು ಸಾಮಾನ್ಯ. ಅದನ್ನು ನೋಡಿದವರಿಗೆ ಅಪೆಂಡಿಕ್ಸ್ ಬಾತಿದೆ ಎಂಬ ಗುಮಾನಿ ಬಲವಾಗುತ್ತದೆ. ಮೇದೋಜೀರಕ ಗ್ರಂಥಿ ಸರಿಯಾಗಿಯೇ ಇದ್ದರೂ ಅಮೈಲೇಸ್, ಲೈಪೇಸ್ ಎಂಬ ಕಿಣ್ವಗಳು ಹೆಚ್ಚಾಗಿ ಕಾಣಬಹುದು. ಆಗ ಪ್ಯಾಂಕ್ರಿಯಾಟೈಟಿಸ್ (ಆ ಗ್ರಂಥಿಯ ಉರಿಯೂತ) ಎಂದು ಬರೆಯಲು ಪೆನ್ನು ಸಿದ್ಧವಾಗುತ್ತದೆ, ರೋಗಿ ಕುಡಿಯುವ ಅಭ್ಯಾಸವಿದ್ದ ಕೂಲಿಯಾಳಾಗಿದ್ದರಂತೂ ಕೇಳುವುದೇ ಬೇಡ. ಹೊಟ್ಟೆ ಒತ್ತಿದಾಗ ಬಿಗಿಯುವುದು, ಕರುಳಿನ ಸದ್ದು ಕ್ಷೀಣಿಸುವುದು ಇವೂ ಇರಬಹುದು. ಅಂದರೆ ಶಸ್ತ್ರಚಿಕಿತ್ಸಕರು ಕಲಿತ ಬಹುತೇಕ ಎಲ್ಲ ಚಿಹ್ನೆಗಳನ್ನೂ ಈ ಕಾಯಿಲೆ ಹೊತ್ತು ತರಬಲ್ಲದು. ಇದನ್ನು ಅರಿಯದೆ ರೋಗಿಯನ್ನು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸಿ ಅರಿವಳಿಕೆ ಕೊಟ್ಟರೆ, ಆಮ್ಲವನ್ನು ಹೊರದೂಡಲು ಹೆಣಗುತ್ತಿದ್ದ ಉಸಿರಾಟವನ್ನೇ ನಾವು ಕಿತ್ತುಕೊಂಡಂತೆ.

ಆದರೆ ಯಾವ ಯಂತ್ರವೂ ಬೇಡದ ಒಂದು ಸುಳಿವು ಇದೆ, ಅದು ಘಟನೆಗಳ ಸರಣಿ. ಅಪೆಂಡಿಕ್ಸ್‌ನಂಥ ಶಸ್ತ್ರಚಿಕಿತ್ಸೆಯ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ಡಿಕೆಎಯಲ್ಲಿ ಸಾಮಾನ್ಯವಾಗಿ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ ಮೊದಲು, ಆಮೇಲೆ ವಾಂತಿ, ಅದರ ಬೆನ್ನಿಗೆ ನೋವು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ಆದರೂ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು "ಯವ್ವಾ, ಹುಡುಗ ಈಚೀಚೆಗೆ ರಾತ್ರಿ ಎಷ್ಟು ಸಲ ಏಳ್ತಿದ್ದ? ನೀರು ಭಾಳ ಕುಡೀತಿದ್ದನೇನು? ಸೊರಗಿದಾನೇನು?" ಎಂದು ಮೂರು ಪ್ರಶ್ನೆ ಕೇಳಲು ಒಂದು ನಿಮಿಷ ಸಾಕು. ಜೊತೆಗೆ ಆ ಉಸಿರು. ಎದೆ ಪರೀಕ್ಷಿಸಿದರೆ ಶ್ವಾಸಕೋಶ ಸ್ವಚ್ಛ, ಆಕ್ಸಿಜನ್ ಪ್ರಮಾಣ ಸರಿಯಾಗಿಯೇ ಇದೆ, ಆದರೂ ರೋಗಿ ಏದುತ್ತಿದ್ದಾನೆ ಎಂದರೆ ರಕ್ತದಲ್ಲಿ ಆಮ್ಲವಿದೆಯೇ ಎಂದು ಕೇಳಿಕೊಳ್ಳಬೇಕು. ಕೆಲವರ ಉಸಿರಿನಲ್ಲಿ ಕಳಿತ ಹಣ್ಣಿನದೋ ಉಗುರುಬಣ್ಣ ಅಳಿಸುವ ದ್ರವದ್ದೋ ವಾಸನೆ ಇರುತ್ತದೆ, ಆದರೆ ಎಲ್ಲರ ಮೂಗಿಗೂ ಅದು ಹತ್ತುವುದಿಲ್ಲ.

ಈ ವಾಸನೆ ನಮ್ಮ ಸೀಮೆಯಲ್ಲಿ ಇನ್ನೊಂದು ಅನರ್ಥಕ್ಕೂ ಎಡೆ ಮಾಡುತ್ತದೆ. ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಮನೆಯ ಮೂಲೆಯಲ್ಲಿ ಒಂದಲ್ಲ ಒಂದು ಕೀಟನಾಶಕದ ಡಬ್ಬಿ ಇದ್ದೇ ಇರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು, ಬಾಯಿಂದ ಏನೋ ವಾಸನೆ ಎಂದರೆ ಜನರ ಬಾಯಲ್ಲಿ ಮೊದಲು ಬರುವ ಮಾತು "ಎಣ್ಣಿ ಕುಡದಾಳ" (ಇಲ್ಲಿ ಎಣ್ಣಿ ಎಂದರೆ ಕೀಟನಾಶಕ). ಹೊಸದಾಗಿ ಮದುವೆಯಾದವಳೋ, ಪರೀಕ್ಷೆಯಲ್ಲಿ ಫೇಲಾದವನೋ ಆಗಿದ್ದರೆ ಆ ಮಾತು ಆಸ್ಪತ್ರೆಗಿಂತ ಮೊದಲೇ ಊರು ಸುತ್ತುತ್ತದೆ. ತೊಡಕೆಂದರೆ ಕೆಲವು ಕೀಟನಾಶಕಗಳ ವಿಷವೇರಿದಾಗಲೂ ರಕ್ತದ ಸಕ್ಕರೆ ತಾತ್ಕಾಲಿಕವಾಗಿ ಏರಬಹುದು, ಆದ್ದರಿಂದ ಸಕ್ಕರೆಯ ಅಂಕಿಯೊಂದೇ ಎರಡನ್ನೂ ಬೇರ್ಪಡಿಸುವುದಿಲ್ಲ. ಕೀಟೋನ್ ಪರೀಕ್ಷೆಯೂ ಕಣ್ಣಪಾಪೆ, ಜೊಲ್ಲು, ಬೆವರುಗಳ ಪರಿಶೀಲನೆಯೂ ಬೇಕು. ಬೇಸಿಗೆಯಲ್ಲಿ ಇದೇ ಚಿತ್ರಕ್ಕೆ ಬಿಸಿಲು ಬಡಿದಿದೆ ಎಂಬ ಮೂರನೆಯ ಹೆಸರೂ ಕಾದಿರುತ್ತದೆ.

ಇನ್ನು ಬಾಟಲಿಯ ವಿಷಯ. ಸುಸ್ತಾದವರಿಗೆ ನರಕ್ಕೆ ಹಚ್ಚುವ ಎಲ್ಲ ದ್ರವವನ್ನೂ ನಮ್ಮಲ್ಲಿ ಸಲಾಯಿನ್ ಎಂದೋ ಗ್ಲೂಕೋಸ್ ಎಂದೋ ಒಂದೇ ಉಸಿರಿನಲ್ಲಿ ಕರೆಯುತ್ತಾರೆ. ಡಿಕೆಎಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ದೊಡ್ಡದು. ಉಪ್ಪುನೀರಿನ ಸಲಾಯಿನ್ ಚಿಕಿತ್ಸೆಯ ಮೊದಲ ಮೆಟ್ಟಿಲು. ವಯಸ್ಕರಿಗೆ ಮೊದಲ ಗಂಟೆಯಲ್ಲೇ ಒಂದು ಲೀಟರಿನಷ್ಟು ಬೇಕಾಗಬಹುದು. ಡೆಕ್ಸ್‌ಟ್ರೋಸ್ ಎಂದರೆ ಸಕ್ಕರೆ. ತೂಬು ಮುಚ್ಚಿರುವಾಗ ಕಾಲುವೆಗೆ ಇನ್ನಷ್ಟು ನೀರು ಬಿಟ್ಟಂತೆ, ಇನ್ಸುಲಿನ್ ಇಲ್ಲದೆ ಅದನ್ನು ಹಚ್ಚಿದರೆ ಮೂತ್ರದಲ್ಲಿ ನೀರು ಹೋಗುವುದು ಇನ್ನೂ ಹೆಚ್ಚುತ್ತದೆ. ಸಲಾಯಿನ್ನೇ ಹಚ್ಚಿದ್ದರೂ ಅದರಲ್ಲಿ ಬೇರೊಂದು ಮೋಸವಿದೆ: ಬತ್ತಿದ ದೇಹಕ್ಕೆ ನೀರು ಬಿದ್ದು ಒಂದೆರಡು ಗಂಟೆ ಹುಡುಗ ಚೇತರಿಸಿಕೊಂಡಂತೆ ಕಾಣುತ್ತಾನೆ, ಮನೆಯವರು ಕರೆದುಕೊಂಡು ಹೋಗುತ್ತಾರೆ, ಮೂಲ ಕಾರಣ ಹಾಗೆಯೇ ಉಳಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಬದಿಯ ತಪ್ಪನ್ನೂ ಹೇಳದಿದ್ದರೆ ಈ ಲೇಖನವೇ ಅಪಾಯಕಾರಿಯಾದೀತು. ಗ್ಲುಕೋಮೀಟರಿನಲ್ಲಿ 480 ಕಂಡೊಡನೆ ಹೊಟ್ಟೆನೋವಿನ ಹೊಣೆಯನ್ನೆಲ್ಲ ಸಕ್ಕರೆಯ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ನಿಜವಾದ ಅಪೆಂಡಿಕ್ಸ್ ಸೋಂಕು, ಪಿತ್ತಕೋಶದ ಬಾವು, ಪ್ಯಾಂಕ್ರಿಯಾಟೈಟಿಸ್, ಮೂತ್ರಪಿಂಡದ ಸೋಂಕು ಇವೇ ಡಿಕೆಎಯನ್ನು ಪ್ರಚೋದಿಸಬಲ್ಲವು. ಮೇಲೆ ಹೇಳಿದ ಅಧ್ಯಯನದಲ್ಲಿ ಹೊಟ್ಟೆನೋವಿದ್ದ 86 ಜನರ ಪೈಕಿ 30 ಮಂದಿಯ ನೋವಿಗೆ ಕಾರಣ ಡಿಕೆಎಯನ್ನು ತಂದ ಮೂಲ ಕಾಯಿಲೆಯೇ ಆಗಿತ್ತು, ಅವರಲ್ಲಿ ಐವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಯಿತು. ಹಾಗಾದರೆ ಹಾದಿ ಯಾವುದು? ಮೊದಲು ಸಲಾಯಿನ್, ಇನ್ಸುಲಿನ್ ಶುರುಮಾಡಿ ಗಂಟೆ ಗಂಟೆಗೂ ಹೊಟ್ಟೆಯನ್ನು ಮತ್ತೆ ಮುಟ್ಟಿ ನೋಡಬೇಕು. ಆಮ್ಲೀಯತೆ ಇಳಿದಂತೆ ನೋವೂ ಇಳಿದರೆ ಅದು ಆಮ್ಲದ ನೋವು. ರಕ್ತ ಸರಿಹೋಗುತ್ತಿದ್ದರೂ ನೋವು ಜಗ್ಗದಿದ್ದರೆ, ಒಂದೇ ಜಾಗದಲ್ಲಿ ನೆಲೆನಿಂತರೆ, ಅಥವಾ ಬೈಕಾರ್ಬೊನೇಟ್ ಅಷ್ಟೇನೂ ಕುಸಿಯದಿದ್ದರೂ ನೋವು ಮಾತ್ರ ವಿಪರೀತವಾಗಿದ್ದರೆ ಸರ್ಜನ್ ಅವರನ್ನು ತಡಮಾಡದೆ ಕರೆಸಬೇಕು. ಬಿಳಿ ರಕ್ತಕಣಗಳು ಇಪ್ಪತ್ತೈದು ಸಾವಿರ ದಾಟಿದ್ದರೆ ಸೋಂಕನ್ನು ಹುಡುಕಲೇಬೇಕು.

ಗ್ಲುಕೋಮೀಟರನ್ನು ಇಷ್ಟು ಹೊಗಳಿದವರು ಅದು ಸೋಲುವ ಜಾಗವನ್ನೂ ತೋರಿಸಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿ ಕೆಲಸ ಮಾಡುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ಆಗುವ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಭಾರತದಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಇವನ್ನು ತಯಾರಿಸತೊಡಗಿ ಬೆಲೆ ಬಹಳ ಇಳಿದಿದೆ. ಒಂದು ಕಾಲಕ್ಕೆ ದೊಡ್ಡ ಊರಿನ ತಜ್ಞರ ಚೀಟಿಯಲ್ಲಿ ಮಾತ್ರ ಕಾಣುತ್ತಿದ್ದ ಹೆಸರುಗಳು ಈಗ ಗಂಗಾವತಿ, ಮಾನ್ವಿಯ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತವೆ. ಈ ಮಾತ್ರೆ ಸೇವಿಸುವವರಲ್ಲಿ ಕೆಲವರಿಗೆ, ಅಪರೂಪಕ್ಕೆ, ಸಕ್ಕರೆ ಹೆಚ್ಚಾಗದೆಯೇ ಡಿಕೆಎ ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಸಿತ್ತು. ಹೆಚ್ಚುವರಿ ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತಿರುವುದರಿಂದ ರಕ್ತದಲ್ಲಿ 160ರಿಂದ 180 ಅಷ್ಟೇ ಕಾಣುತ್ತದೆ, ಕೀಟೋನುಗಳು ಮಾತ್ರ ಒಳಗೊಳಗೇ ಏರುತ್ತಿರುತ್ತವೆ. ಶಿವರಾತ್ರಿಯ ನಿರಾಹಾರ, ರಂಜಾನ್ ಉಪವಾಸ, ಅನ್ನ ರೊಟ್ಟಿ ಎರಡನ್ನೂ ಬಿಟ್ಟುಬಿಡುವ ಹೊಸ ಬಗೆಯ ಪಥ್ಯ, ವಾಂತಿಭೇದಿ, ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸ, ಇನ್ಸುಲಿನ್ ಪ್ರಮಾಣವನ್ನು ತಾವಾಗಿಯೇ ತಗ್ಗಿಸುವುದು, ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ಇಂಥವರು ಹೊಟ್ಟೆನೋವೆಂದು ಬಂದಾಗ ಸಕ್ಕರೆ ನೋಡಿ ನಿರಾಳವಾಗುವಂತಿಲ್ಲ. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬ ಪ್ರಶ್ನೆಯೇ ಅಲ್ಲಿ ಪರೀಕ್ಷೆ. 2024ರಲ್ಲಿ ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಟನೆಗಳು ಸೇರಿ ಹೊರಡಿಸಿದ ಒಮ್ಮತದ ವರದಿಯೂ ಇದನ್ನು ಒಪ್ಪಿಕೊಂಡು, ಡಿಕೆಎ ಎನ್ನಲು ಬೇಕಾದ ಸಕ್ಕರೆಯ ಮಟ್ಟವನ್ನು 250ರಿಂದ 200ಕ್ಕೆ ಇಳಿಸಿದ್ದಲ್ಲದೆ, ಮೊದಲೇ ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಅಂಕಿಯ ಹಂಗನ್ನೇ ಬಿಟ್ಟಿದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ಈ ಮಾತ್ರೆಗಳನ್ನು ನಿಲ್ಲಿಸಬೇಕೆಂಬ ಸೂಚನೆಯಿದೆ; ಚೀಟಿ ಬರೆದ ವೈದ್ಯರು ಅದನ್ನು ರೋಗಿಗೆ ಅವರ ಭಾಷೆಯಲ್ಲಿ ಹೇಳಿರಬೇಕಷ್ಟೆ.

ಮೂತ್ರದ ಕೀಟೋನ್ ಪಟ್ಟಿಯೂ ಪೂರ್ಣ ಸತ್ಯ ಹೇಳುವುದಿಲ್ಲ. ಡಿಕೆಎಯಲ್ಲಿ ಅತಿ ಹೆಚ್ಚು ಇರುವ ಕೀಟೋನ್ ಬೀಟಾಹೈಡ್ರಾಕ್ಸಿಬ್ಯುಟಿರೇಟ್. ಪಟ್ಟಿ ಗುರುತಿಸುವುದು ಅದರ ಜೊತೆಗಾರನಾದ ಅಸಿಟೋಅಸಿಟೇಟನ್ನು. ಹೀಗಾಗಿ ಆರಂಭದಲ್ಲಿ ಬಣ್ಣ ತೆಳುವಾಗಿದ್ದು, ರೋಗಿ ಸುಧಾರಿಸುತ್ತಿರುವಾಗಲೇ ಗಾಢವಾಗುವ ವಿಪರ್ಯಾಸವೂ ನಡೆಯುತ್ತದೆ. ರಕ್ತದಲ್ಲೇ ಕೀಟೋನ್ ಅಳೆಯುವ ಮೀಟರುಗಳು ಉತ್ತಮ. ಅವು ಇಲ್ಲದೆಡೆ ಪಟ್ಟಿಯನ್ನು ಬಿಡುವಂತಿಲ್ಲ, ಅದನ್ನೇ ಪೂರ್ತಿ ನಂಬುವಂತೆಯೂ ಇಲ್ಲ.

ಈಗ ಮತ್ತೆ ನಮ್ಮ ಹದಿನಾರರ ಹುಡುಗನ ಬಳಿಗೆ ಬರೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇದು ಸುದ್ದಿಯಾಯಿತು, ಸರಿ. ಆದರೆ ಅದು ವಯಸ್ಕರ ಲೆಕ್ಕ. ಸರ್ಕಾರದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವೂ ಮನೆಮನೆಯ ತಪಾಸಣೆಗೆ ಆರಿಸಿಕೊಂಡಿರುವುದು 30 ವರ್ಷ ದಾಟಿದವರನ್ನು. ಎರಡನೆಯ ಬಗೆಯ ಮಧುಮೇಹವನ್ನು ಹಿಡಿಯಲು ಆ ವಯಸ್ಸು ಸರಿಯಾದದ್ದೇ. ಆದರೆ ದೇಹವೇ ತನ್ನ ಇನ್ಸುಲಿನ್ ಉತ್ಪಾದಿಸುವ ಕೋಶಗಳನ್ನು ನಾಶಮಾಡಿಕೊಳ್ಳುವ ಮೊದಲನೆಯ ಬಗೆಯ ಮಧುಮೇಹ ಹೆಚ್ಚಾಗಿ ಶುರುವಾಗುವುದು ಬಾಲ್ಯದಲ್ಲಿ, ಹರೆಯದಲ್ಲಿ. ಅದರ ಮೊದಲ ದರ್ಶನವೇ ಎಷ್ಟೋ ಮಕ್ಕಳಲ್ಲಿ ಡಿಕೆಎ. ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದು ಅಪ್ಪನ ಬೆರಳು ಚುಚ್ಚಿ, ಅಜ್ಜಿಯ ಬೆರಳು ಚುಚ್ಚಿ ಹೋಗುತ್ತಾಳೆ. ಅದೇ ಪಡಸಾಲೆಯಲ್ಲಿ ಮೂರನೆಯ ತಂಬಿಗೆ ನೀರು ಕುಡಿಯುತ್ತ ಕುಳಿತ ಹುಡುಗ ಅವಳ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಎಲ್ಲ ಮಕ್ಕಳ ರಕ್ತವನ್ನೂ ಪರೀಕ್ಷಿಸುತ್ತ ಹೋಗುವುದು ಕೆಲಸಕ್ಕೆ ಬರುವ ಮಾತಲ್ಲ, ಏಕೆಂದರೆ ಈ ಕಾಯಿಲೆ ವಾರಗಳ ಅವಧಿಯಲ್ಲಿ ಬಲಿಯುತ್ತದೆ. ಜೂನ್‌ನಲ್ಲಿ ಸರಿಯಿದ್ದ ಮಗು ಆಗಸ್ಟ್‌ನಲ್ಲಿ ಡಿಕೆಎಗೆ ಹೋಗಬಹುದು. ಇಲ್ಲಿ ಬೇಕಾಗಿರುವುದು ಸಾಮೂಹಿಕ ತಪಾಸಣೆಗಿಂತ ಕಣ್ಣಿಟ್ಟು ನೋಡುವವರು.

ಇದು ಬರೀ ಆಶಯವಲ್ಲ ಎಂಬುದಕ್ಕೆ ಇಟಲಿಯ ಪಾರ್ಮಾ ಪ್ರಾಂತ್ಯದ ಉದಾಹರಣೆಯಿದೆ. ಅಲ್ಲಿ 1990ರ ದಶಕದಲ್ಲಿ ಶಾಲೆಗಳಲ್ಲಿಯೂ ಮಕ್ಕಳ ವೈದ್ಯರ ಕ್ಲಿನಿಕ್‌ಗಳಲ್ಲಿಯೂ ಒಂದು ಭಿತ್ತಿಪತ್ರ ಅಂಟಿಸಿದರು. ಅದರ ತಿರುಳು ಇಷ್ಟೇ: ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಹೆಚ್ಚು ನೀರು ಕುಡಿಯತೊಡಗಿದರೆ, ಮಧುಮೇಹ ಇರಬಹುದೇ ಎಂದು ನೋಡಿ. ವೈದ್ಯರಿಗೆ ಸಕ್ಕರೆ ಅಳೆಯುವ ಸಾಧನಗಳನ್ನೂ ಒದಗಿಸಿದರು. ಅದಕ್ಕೆ ಮೊದಲು, 1987ರಿಂದ 1991ರವರೆಗೆ, ಹೊಸದಾಗಿ ಮಧುಮೇಹ ಪತ್ತೆಯಾದ ಮಕ್ಕಳಲ್ಲಿ ಶೇ 78ರಷ್ಟು ಮಂದಿ ಡಿಕೆಎ ಸ್ಥಿತಿಯಲ್ಲಿ ಬರುತ್ತಿದ್ದರು. ಪ್ರಚಾರ ನಡೆದ ವರ್ಷಗಳಲ್ಲಿ ಅದು ಶೇ 12.5ಕ್ಕೆ ಇಳಿಯಿತು. ಪಾರ್ಮಾ ಸಿರಿವಂತ ಸೀಮೆ, ಅದನ್ನು ದೇವದುರ್ಗಕ್ಕೆ ಹಾಗೆಯೇ ಹೋಲಿಸಲಾಗದು. ಆದರೆ ಆ ಭಿತ್ತಿಪತ್ರದಲ್ಲಿ ಸಿರಿವಂತಿಕೆ ಬೇಡುವ ಅಂಶ ಯಾವುದೂ ನನಗೆ ಕಾಣುವುದಿಲ್ಲ. ಅಂಗನವಾಡಿಯ ಗೋಡೆಯ ಮೇಲೆ, ಶಾಲೆಯ ಬಿಸಿಯೂಟದ ಕೋಣೆಯ ಹೊರಗೆ, ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ, ತಾಯಿಗೆ ಕೇಳಬೇಕೆಂದು ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಇಲ್ಲಿಯ ಮಾತಿನಲ್ಲಿಯೇ ಬರೆದು ಹಾಕಬಹುದು. ಹಾಸ್ಟೆಲಿನ ಮಾತು ಬೇಕೆಂದೇ ಎತ್ತಿದ್ದು: ಅಪ್ಪ ಅವ್ವ ಗುಳೆ ಹೋದ ಮನೆಯ ಮಕ್ಕಳು ಅಲ್ಲಿರುತ್ತಾರೆ, ಮಗ ರಾತ್ರಿ ಎಷ್ಟು ಸಲ ಎದ್ದ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಗುಳೆಯ ಮಾತು ಬಂದಿದ್ದರಿಂದ ಎರಡನೆಯ ಗುಂಪಿನ ರೋಗಿಗಳನ್ನೂ ನೋಡಬೇಕು: ಕಾಯಿಲೆ ಗೊತ್ತಿದ್ದೂ ಡಿಕೆಎಗೆ ಜಾರುವವರು. ಇಲ್ಲಿ ಬಹುಮುಖ್ಯ ಕಾರಣ ಇನ್ಸುಲಿನ್ ತಪ್ಪಿಸುವುದು. ನಾಟಿ ಔಷಧದವರು ಬಿಡಿಸಿದ್ದಾರೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದಾಗ ಸೀಸೆ ಮುಗಿದಿದೆ, ಜ್ವರ ಬಂದು ಊಟ ಸೇರದ ದಿನ "ಉಂಡೇ ಇಲ್ಲ, ಸೂಜಿ ಯಾಕ" ಎಂದು ಬಿಟ್ಟಿದ್ದಾರೆ. ಕೊನೆಯದು ಅತ್ಯಂತ ಸಹಜವಾಗಿ ಕಾಣುವ, ಅತ್ಯಂತ ಕೆಡುಕಿನ ತಪ್ಪು. ಜ್ವರದ ದಿನ ದೇಹಕ್ಕೆ ಇನ್ಸುಲಿನ್ ಕಡಿಮೆಯಲ್ಲ, ಹೆಚ್ಚು ಬೇಕಾಗುತ್ತದೆ. ಇವಕ್ಕೆ ರಾಯಚೂರಿನ ಬಿಸಿಲನ್ನೂ ಸೇರಿಸಿಕೊಳ್ಳಬೇಕು. ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟ ಇನ್ಸುಲಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ಆದರೆ ನೋಟಕ್ಕೆ ಹಾಗೇ ತಿಳಿಯಾಗಿ ಇರಬಹುದು. ಚುಚ್ಚಿಕೊಂಡವರು ನಿಯಮ ಪಾಲಿಸಿದ್ದರೂ ಮೈಗೆ ಹೋದದ್ದು ಅರೆಜೀವದ ಔಷಧ. ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿಗಳಿಲ್ಲದ ವೈದ್ಯರ ಸಂಘಟನೆ ಕೀನ್ಯಾದ ನಿರಾಶ್ರಿತರ ಶಿಬಿರವೊಂದರ ತಾಪಮಾನವನ್ನು ಅನುಸರಿಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 25ರಿಂದ 37 ಡಿಗ್ರಿಯ ಏರಿಳಿತದಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ ಕೆಡಲಿಲ್ಲ. ನಮಗೆ ಬೇಕಾದದ್ದು ಆ 37ರ ಗಡಿಯೊಳಗೆ ಉಳಿಯುವುದು, ಅದಕ್ಕೆ ಫ್ರಿಜ್ಜೇ ಆಗಬೇಕೆಂದಿಲ್ಲ. ನೆರಳಿನಲ್ಲಿಟ್ಟ ಮಣ್ಣಿನ ಗಡಿಗೆಗೆ ನೀರು ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಸೆಯನ್ನಿಟ್ಟು ಅದರಲ್ಲಿ ಇಳಿಬಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ಒಳಗಿನ ತಾಪ ಹೊರಗಿನದಕ್ಕಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ.

ಚಿಕಿತ್ಸೆಯ ಬಗ್ಗೆ ಹೇಳುವುದಾದರೆ, 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ಈ ಸ್ಥಿತಿಗೆ ಚಿಕಿತ್ಸೆಯೇ ಇರಲಿಲ್ಲ. ಇಂದು ಬೇಕಾಗುವುದು ಸಲಾಯಿನ್, ಸಾದಾ ಇನ್ಸುಲಿನ್, ಪೊಟ್ಯಾಸಿಯಂ ಮತ್ತು ಗಂಟೆಗೊಮ್ಮೆ ನೋಡುವ ಎಚ್ಚರದ ಕಣ್ಣು. ಇದರಲ್ಲಿ ಪೊಟ್ಯಾಸಿಯಂ ಸೂಕ್ಷ್ಮವಾದದ್ದು. ದೇಹದ ಒಟ್ಟು ಪೊಟ್ಯಾಸಿಯಂ ಬತ್ತಿಹೋಗಿದ್ದರೂ ರಕ್ತದಲ್ಲಿ ಅದು ಸರಿಯಾಗಿಯೋ ಹೆಚ್ಚಾಗಿಯೋ ಕಾಣುತ್ತದೆ. ಇನ್ಸುಲಿನ್ ಕೊಟ್ಟೊಡನೆ ಅದು ಜೀವಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಥಟ್ಟನೆ ಕುಸಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಆದ್ದರಿಂದ ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಿಕೊಟ್ಟು ಆಮೇಲೆ ಇನ್ಸುಲಿನ್ ಕೊಡಬೇಕು. ಮಕ್ಕಳಲ್ಲಿ ಮೆದುಳು ಊದಿಕೊಳ್ಳುವ ಅಪಾಯವಿರುವುದರಿಂದ ದ್ರವದ ಲೆಕ್ಕ ಇನ್ನೂ ನಾಜೂಕು. ಇಂಥವರನ್ನು ಬಳ್ಳಾರಿಯ ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿಗೋ, ರಾಯಚೂರಿನ ರಿಮ್ಸ್‌ಗೋ, ಕೊಪ್ಪಳದ ಕಿಮ್ಸ್‌ಗೋ ಕಳಿಸುವುದು ಸರಿಯೇ. ಆದರೆ ಸಿಂಧನೂರಿನಿಂದ ಬಳ್ಳಾರಿಗಾಗಲಿ ರಾಯಚೂರಿಗಾಗಲಿ ಸುಮಾರು ಎರಡು ಗಂಟೆಯ ದಾರಿ. ಹೊರಡುವ ಮೊದಲೇ ಹೆಸರು ಗುರುತಾಗಿ, ಸಲಾಯಿನ್ ಓಡುತ್ತಿದ್ದು, ಚೀಟಿಯಲ್ಲಿ ಹೊಟ್ಟೆನೋವು ಎಂಬುದರ ಬದಲು ಡಿಕೆಎ ಎಂದು ಬರೆದಿದ್ದರೆ ಆ ಎರಡು ಗಂಟೆ ಚಿಕಿತ್ಸೆಯ ಸಮಯವಾಗುತ್ತದೆ. ಇಲ್ಲದಿದ್ದರೆ ಬರೀ ಪ್ರಯಾಣ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಧರಣಿ ನಡೆಸುತ್ತ ಬಂದವರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಕಲ್ಯಾಣ ಕರ್ನಾಟಕದ ರೋಗಿ ಹೈದರಾಬಾದಿನ ಬಸ್ಸು ಹತ್ತುವುದು ತಪ್ಪಿಲ್ಲ. ಆದರೆ ಡಿಕೆಎಯ ವಿಷಯದಲ್ಲಿ ಏಮ್ಸ್ ಬರುವುದಕ್ಕೆ ಕಾಯಬೇಕಾದ ಕೆಲಸ ಬಹಳವೇನೂ ಇಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪ್ರತಿ 108 ಅಂಬುಲೆನ್ಸಿನಲ್ಲಿ, ಆರ್‌ಎಂಪಿಗಳ ಪೆಟ್ಟಿಗೆಯಲ್ಲೂ (ಅವರು ಇರಬಾರದೆಂದು ಕಾನೂನು ಹೇಳಬಹುದು, ರಾತ್ರಿ ಹತ್ತಕ್ಕೆ ಬಾಗಿಲು ತೆರೆಯುವವರು ಅವರೇ) ಅವಧಿ ಮೀರದ ಪಟ್ಟಿಗಳಿರುವ ಒಂದು ಗ್ಲುಕೋಮೀಟರ್ ಇರಬೇಕು, ಮತ್ತು ವಾಂತಿಯೊಡನೆ ಹೊಟ್ಟೆನೋವೆಂದು ಬಂದ ಯಾವ ವಯಸ್ಸಿನವರನ್ನೂ ಸ್ಕ್ಯಾನಿಂಗ್‌ಗೆ ಬರೆಯುವ ಮೊದಲು ಅದರಿಂದ ನೋಡಬೇಕು. ನಾಡಿ, ಬಿಪಿ, ಜ್ವರ ನೋಡುವ ಸಾಲಿನಲ್ಲೇ ಅದೂ ಸೇರಬೇಕು. ವೈದ್ಯರಿಗೆ ಅನುಮಾನ ಬಂದರೆ ಮಾತ್ರ ಮಾಡುವ ಪರೀಕ್ಷೆ ಎಂದು ಅದನ್ನು ಉಳಿಸಿಕೊಂಡರೆ ಅನುಮಾನ ಬಾರದವರೇ ತಪ್ಪಿಹೋಗುತ್ತಾರೆ.

ನಮ್ಮ ಹುಡುಗ ನಾಲ್ಕನೆಯ ದಿನಕ್ಕೆ ಎದ್ದು ಕುಳಿತು ಮಂಡಕ್ಕಿ ಕೇಳುತ್ತಾನೆ ಎಂದುಕೊಳ್ಳೋಣ. ಹೊಟ್ಟೆನೋವು ಎರಡನೆಯ ದಿನವೇ, ಯಾವ ನೋವಿನ ಮಾತ್ರೆಯ ನೆರವೂ ಇಲ್ಲದೆ ಇಳಿದಿದೆ. ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿದೆ: ಪ್ರಮಾಣ, ಹೊತ್ತು, ಮುಂದಿನ ಭೇಟಿಯ ದಿನಾಂಕ. ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ಬಿಡಬಾರದು, ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ ಆವತ್ತೇ ಬರಬೇಕು, ಎಲ್ಲಿಗೆ ಹೋದರೂ ಮೊದಲು "ಇವನಿಗೆ ಶುಗರ್ ಐತಿ" ಎನ್ನಬೇಕು ಎಂಬ ಮಾತುಗಳು ಅದರಲ್ಲಿಲ್ಲ. ನರ್ಸ್ ಆ ಚೀಟಿಯ ಹಿಂಬದಿಯಲ್ಲಿ ಅವನ್ನು ಕನ್ನಡದಲ್ಲಿ ಬರೆದು, ಓದಲು ಬಾರದ ಅವ್ವನ ಕೈಗಲ್ಲ, ಏಳನೆಯ ತರಗತಿಯಲ್ಲಿರುವ ತಂಗಿಯ ಕೈಗೆ ಕೊಟ್ಟು ಒಮ್ಮೆ ಗಟ್ಟಿಯಾಗಿ ಓದಿಸುತ್ತಾಳೆ.